ಹದಿನಾಲ್ಕು ದಿನಗಳ ಕೋಟು

ಅಲ್ ನಹ್ದಾದ ಆರನೆಯ ಮಹಡಿ. ಬಾಗಿಲ ಹಿಂದಿನ ಮೊಳೆಗೆ
ಜುಲೈ ತಿಂಗಳಲ್ಲೂ ಒಂದು ಉಣ್ಣೆಯ ಕೋಟು.
ಎ.ಸಿ. ರಿಪೇರಿಗೆ ಬಂದ ಹುಡುಗ ಅದನ್ನು ನೋಡಿದ,
ನನ್ನನ್ನು ನೋಡಿದ,
ಏನೂ ಕೇಳದೆ ಏಣಿ ಹೊತ್ತು ಹೋದ.

ಕೇಳಿದ್ದರೆ ಹೇಳುತ್ತಿದ್ದೆ:
ನಾವು ನಾಲ್ವರು. ಹಾಲಿನ ಪುಡಿಯ ಖಾಲಿ ಡಬ್ಬಿಗೆ
ತಲಾ ನೂರೈವತ್ತು ದಿರಹಂ, ಸಂಬಳದ ರಾತ್ರಿಯೇ.
ಕ್ಲಿನಿಕ್ಕಿನ ಹಳೇ ಚೀಟಿಗಳ ಬೆನ್ನಿಗೆ
ಹಿಲ್ಡಾ ಬರೆದ ಲೆಕ್ಕ.
ಎರಡು ಸಲ ಡಬ್ಬಿಯಿಂದ ಸಾಲ ತೆಗೆದವಳು ನಾನು,
ಒಮ್ಮೆ ತಮ್ಮನ ಫೀಸಿಗೆ, ಒಮ್ಮೆ ದವಡೆ ಹಲ್ಲಿಗೆ
(ದುಡಿಯುವುದು ಹಲ್ಲಿನ ಆಸ್ಪತ್ರೆಯಲ್ಲೇ; ಆದರೂ ಪುಕ್ಕಟೆಯಲ್ಲ).

ವಾರಿಜಾ ಮೊದಲು ಸ್ವಿಟ್ಜರ್ಲೆಂಡ್ ಅಂದಳು. ಡಬ್ಬಿ ನಕ್ಕಿತು.
ಕೊನೆಗೆ ಜಾರ್ಜಿಯಾ. ಈದ್ ರಜೆ, ಮೂರು ರಾತ್ರಿ, ನಾಲ್ಕು ಹಗಲು.
‘ಅದು ಯುರೋಪೇನಾ?’ ಮೈಮೂನಾಳ ಅನುಮಾನ.
‘ಹಿಮ ಉಂಟು, ಇಗರ್ಜಿ ಉಂಟು, ಚಳಿಗೆ ಮೂಗು ಸೋರ್ತದೆ.
ಇನ್ನೆಂಥ ಯುರೋಪು ಬೇಕು ನಿಂಗೆ?’ ಅಂದಳು ಹಿಲ್ಡಾ.

ಕೋಟು ಎದುರಿನ ಮಾಲಿನಿಂದ. ಹದಿನಾಲ್ಕು ದಿನದೊಳಗೆ ತಂದರೆ
ಪೂರ್ತಿ ಹಣ ವಾಪಸ್ಸು. ಬೆಲೆಚೀಟಿ ಹರಿದಿರಬಾರದು.
ಚೀಟಿಯನ್ನು ತೋಳಿನೊಳಗೆ ಮಡಚಿ
ಎಳೆಗೂಸು ಹೊತ್ತವರ ಹಾಗೆ ನಡೆದೆವು
ಟಿಬಿಲಿಸಿಯ ಏರುದಾರಿಗಳಲ್ಲಿ.
ಮರದ ಕೆತ್ತನೆಯ ಬಾಲ್ಕನಿಗಳು ರಸ್ತೆಗೆ ಬಾಗಿ
ಯಾರದೋ ಚಾಡಿ ಕೇಳುತ್ತಿದ್ದವು.
ಗಂಧಕದ ನೀರಿನ ಸ್ನಾನದ ಮನೆಯಲ್ಲಿ
‘ಕೊಳೆತ ಮೊಟ್ಟೆಗೆ ದುಡ್ಡು ಬೇರೆ ಕೊಡಬೇಕಾ’ ಎಂದ ವಾರಿಜಾ
ಎರಡು ತಾಸು ಮೇಲೇಳಲಿಲ್ಲ.

ಗುಡೌರಿಯಲ್ಲಿ ಬೆಟ್ಟಕ್ಕೆ ಬೆಟ್ಟವೇ ಬೆಳ್ಳಗೆ.
ನನಗೆ ದೊಡ್ಡ ಮಾತೊಂದು ಹೊಳೆಯುತ್ತದೆಂದು ಕಾದೆ.
ಬಾಯಿಗೆ ಬಂದದ್ದು:
‘ಲೇ, ಫ್ರಿಜ್ಜಿನ ಐಸ್ ತೆಗೆದು ಎಷ್ಟು ದಿನ ಆತು?’

ದಾರಕ್ಕೆ ಅಕ್ರೋಟು ಪೋಣಿಸಿ, ದ್ರಾಕ್ಷಿಪಾಕದಲ್ಲಿ ಅದ್ದಿ
ಮೇಣದ ಬತ್ತಿಯಂತೆ ತೂಗುಹಾಕಿದ ಸಿಹಿ.
ಮಾರುವ ಮುದುಕಿ ಕೈಸನ್ನೆಯಲ್ಲೇ ಕೇಳಿದಳು, ಯಾವೂರು?
ಗದಗ, ಶಿರ್ವ, ಮಲ್ಪೆ, ಉಳ್ಳಾಲ,
ನಾಲ್ಕೂ ನಾಲಗೆಯ ತುದಿಯಲ್ಲೇ ಇದ್ದವು.
‘ಶಾರ್ಜಾ’ ಅಂದೆವು, ನಾಲ್ವರೂ ಒಟ್ಟಿಗೆ.
ಸೇತುವೆ ದಾಟುವ ತನಕ
ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೊನೆಯ ರಾತ್ರಿ, ನೆಲಮಾಳಿಗೆಯ ಹೋಟೆಲು.
ಮೈಮೂನಾ ಗಂಡನ ಗೊರಕೆ ನಟಿಸಿ ತೋರಿಸಿದಳು,
ಬಿಟ್ಟುಹೋಗಿ ಎರಡು ವರ್ಷವಾದವನ ಗೊರಕೆ,
ಏರುವುದು, ನಿಲ್ಲುವುದು, ಮತ್ತೆ ಸೀಟಿಯಾಗಿ ಇಳಿಯುವುದು.
ನಾವು ಮೇಜು ಬಡಿದು ನಕ್ಕೆವು. ಅವಳೂ ನಕ್ಕಳು.
ಯಾವಾಗ ಅದು ನಗುವಾಗಿ ಉಳಿಯಲಿಲ್ಲವೋ ತಿಳಿಯದು,
ದಾಳಿಂಬೆ ರಸದ ಲೋಟ ಉರುಳಿ
ನನ್ನ ಕೆನೆಬಣ್ಣದ ತೋಳೆಲ್ಲ ಕೆಂಪು.
‘ಉಜ್ಜಬ್ಯಾಡ, ಹರಡತದ’ ಅಂದೆ.
ಅವಳು ಉಜ್ಜುತ್ತಲೇ ಇದ್ದಳು.
ಉಜ್ಜಲಿ ಎಂದು ಬಿಟ್ಟೆ.

ರಾತ್ರಿ ಎರಡಕ್ಕೆ ಶಾರ್ಜಾ. ಹೊರಬಾಗಿಲು ತೆರೆದದ್ದೇ
ಕನ್ನಡಕದ ಮೇಲೆ ಹಬೆ ಕೂತಿತು,
ಮನೆಯವರೇ ಕಣ್ಣು ಮುಚ್ಚಿ ‘ಯಾರು ಹೇಳು’ ಎಂದಂತೆ.

ಮೂರು ಕೋಟು ಮರಳಿ ಹೋದವು. ಕೌಂಟರಿನ ಹುಡುಗಿ
ತೋಳು ಕೊಡವಿ, ಮೂಸಿ, ಗಂಧಕಕ್ಕೆ ಮೂಗು ಮುರಿದು
ನಸುನಕ್ಕು ಠಸ್ಸೆ ಒತ್ತಿದಳು.
ನನ್ನದಕ್ಕೆ ತಲೆಯಾಡಿಸಿದಳು, ಅಷ್ಟೆ.

ಬೆಲೆಚೀಟಿ ಇನ್ನೂ ಒಳಗೇ ಇದೆ.
ಕಿಸೆಯಲ್ಲಿ ಅಕ್ರೋಟು ತಿಂದು ಉಳಿದ ದಾರ.
ರಾತ್ರಿಪಾಳಿ ಮುಗಿಸಿ ಬಂದ ಮೈಮೂನಾ
ಒಂಟಿಕಾಲಲ್ಲಿ ನಿಂತು ಷೂ ಬಿಚ್ಚುವಾಗ
ಕೈಗೆ ಸಿಗುವ ಗೋಡೆಯನ್ನು ಬಿಟ್ಟು
ಆ ತೋಳನ್ನೇ ಹಿಡಿದುಕೊಳ್ಳುತ್ತಾಳೆ.